ಹಳೆಯ ಕಂಪ್ಯೂಟರಿಗೆ ಯಾವ ಲಿನಕ್ಸ್ ಡಿಸ್ಕ್?

ಪ್ರಶ್ನೆ: ನಮ್ಮ ಮನೆಯಲ್ಲಿ 2009ರಲ್ಲಿ ಕೊಂಡ ಇಂಟೆಲ್ ಕೋರ್ 2 ಡ್ಯುಯೊ ಕಂಪ್ಯೂಟರ್ ಇದೆ, 2 ಜಿಬಿ ರ‍್ಯಾಮ್, ಡಿವಿಡಿ ಡ್ರೈವ್ ಇವೆ. ಅದರಲ್ಲಿರುವ ವಿಂಡೋಸ್ 7 ‘32 ಬಿಟ್’ ಎಂದು ತೋರಿಸುತ್ತದೆ. ಅಡಿಕೆ ಮಾರಾಟದ ಲೆಕ್ಕ ಬರೆಯಲು ಲಿನಕ್ಸ್ ಹಾಕಬೇಕೆಂದಿದ್ದೇನೆ. ಯಾವ ಡಿಸ್ಕ್ ಸರಿ? — ಓದುಗರೊಬ್ಬರು, ಶಿರಸಿ

ಉತ್ತರ: ನಿಮಗೆ 64 ಬಿಟ್ ಡಿಸ್ಕ್ ಸರಿಹೊಂದುತ್ತದೆ. ವಿಂಡೋಸ್ ತೋರಿಸುವ ‘32 ಬಿಟ್’ ಎಂಬುದು ಅಲ್ಲಿ ಹಾಕಿರುವ ವಿಂಡೋಸಿಗೆ ಸಂಬಂಧಿಸಿದ್ದೇ ಹೊರತು ಪ್ರೊಸೆಸರಿಗಲ್ಲ; ಕೋರ್ 2 ಡ್ಯುಯೊ ಪ್ರೊಸೆಸರುಗಳೆಲ್ಲವೂ 64 ಬಿಟ್ ಸಾಮರ್ಥ್ಯದವು. ಡಿಸ್ಕಿನ ಕಡತದ ಹೆಸರಿನಲ್ಲಿ ‘ಎಎಂಡಿ64’ ಎಂದು ಇನ್ನೊಂದು ಪ್ರೊಸೆಸರ್ ಕಂಪನಿಯ ಹೆಸರಿದ್ದರೆ ಹಿಂಜರಿಯಬೇಡಿ, ಇಂಟೆಲ್ ಪ್ರೊಸೆಸರಿಗೂ ಅದೇ ಡಿಸ್ಕ್. ಈ ಗೊಂದಲದಿಂದ 32 ಬಿಟ್ ಡಿಸ್ಕ್ ಆರಿಸಿಕೊಂಡರೆ ಮುಂದೆ ತೊಂದರೆಯಾಗುತ್ತದೆ, ಏಕೆಂದರೆ ಡೆಬಿಯನ್ ಎಂಬ ಲಿನಕ್ಸಿನ, 2025ರಲ್ಲಿ ಬಂದ 13ನೇ ಆವೃತ್ತಿಗೆ 32 ಬಿಟ್ ಇನ್‌ಸ್ಟಾಲರೇ ಇಲ್ಲ.

ಡೆಬಿಯನ್ 13ರ, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ‘ಲೈವ್’ ಡಿಸ್ಕನ್ನೇ (ಇನ್‌ಸ್ಟಾಲ್ ಮಾಡದೆಯೇ ನಡೆಸಬಹುದಾದ ಡಿಸ್ಕ್) ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಗ್ನೋಮ್ ಡೆಸ್ಕ್‌ಟಾಪ್ ನೋಡಲು ಚೆಂದ, ಆದರೆ 2 ಜಿಬಿ ರ‍್ಯಾಮಿಗೆ ಅದು ಭಾರವಾಗುತ್ತದೆ. ‘ನೆಟ್‌ಇನ್‌ಸ್ಟ್’ ಎಂಬ ಚಿಕ್ಕ ಡಿಸ್ಕ್ ಉಳಿದುದನ್ನೆಲ್ಲ ಅಂತರ್ಜಾಲದಿಂದ ಇಳಿಸಿಕೊಳ್ಳುವುದರಿಂದ, ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಘಟ್ಟದ ಊರುಗಳಿಗೆ ಅದು ತಕ್ಕುದಲ್ಲ. ಲೈವ್ ಕಡತವನ್ನು 700 ಎಂಬಿಯ ಸಿಡಿಗಲ್ಲ, 4.7 ಜಿಬಿಯ ಡಿವಿಡಿಗೆ, ಕಡಿಮೆ ವೇಗದಲ್ಲಿ ಬರೆಸಿ. ಹಾರ್ಡ್ ಡಿಸ್ಕ್ ಮುಟ್ಟದೆ ಮೊದಲು ಡಿವಿಡಿಯಿಂದಲೇ ನಡೆಸಿ, ಪರದೆ, ಧ್ವನಿ, ಪ್ರಿಂಟರ್ ಕೆಲಸ ಮಾಡುತ್ತವೆಯೇ ನೋಡಿ; ಡಿವಿಡಿಯಿಂದ ಓಡುವಾಗ ನಿಧಾನವೆನಿಸುವುದು ಸಹಜ. ಇನ್‌ಸ್ಟಾಲ್ ಒತ್ತುವ ಮುನ್ನ ಅಡಿಕೆಯ ಲೆಕ್ಕದ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಖಚಿತಪಡಿಸಿಕೊಳ್ಳಿ.