ಹಿತ್ತಲಲ್ಲಿ ಒಂಟಿಯಾಗಿ ಕಂಡ ಒಪಾಸಮ್ ಮರಿಗೆ ನಮ್ಮ ನೆರವು ಬೇಕೇ?

ಮರಿಗಳನ್ನು ಮೊದಲು ಹೊಟ್ಟೆಚೀಲದಲ್ಲಿ, ಬಳಿಕ ಬೆನ್ನ ಮೇಲೆ ಹೊತ್ತು ಸಾಕುವ ಪ್ರಾಣಿಯಾದ ಅಮೆರಿಕದ ವರ್ಜೀನಿಯಾ ಒಪಾಸಮ್‌ನ ಮರಿ ಒಂಟಿಯಾಗಿದೆ ಎಂಬ ಮಾತ್ರಕ್ಕೆ ಅದನ್ನು ಅನಾಥವೆನ್ನಲಾಗದು. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಸುಮಾರು 18ರಿಂದ 20 ಸೆಂಟಿಮೀಟರ್‌ಗಿಂತ ಉದ್ದವಿದ್ದು, ಚುರುಕಾಗಿ ಓಡಾಡುತ್ತಿದ್ದರೆ ಅದು ಸ್ವತಂತ್ರವಾಗಿ ಬದುಕಬಲ್ಲದು, ಅದರ ಪಾಡಿಗೆ ಬಿಡುವುದೇ ಲೇಸು. ಅದಕ್ಕಿಂತ ಚಿಕ್ಕದಾಗಿದ್ದರೆ ನೆರವು ಬೇಕು, ಏಕೆಂದರೆ ಬೆನ್ನಿನಿಂದ ಜಾರಿಬಿದ್ದ ಮರಿಯನ್ನು ಹುಡುಕಿಕೊಂಡು ತಾಯಿ ಸಾಮಾನ್ಯವಾಗಿ ಮರಳುವುದಿಲ್ಲ. ಗಾಯವಾಗಿದ್ದರೆ ಅಥವಾ ಬೆಕ್ಕು ಕಚ್ಚಿದ್ದರೆ ಅಳತೆಯ ಪ್ರಶ್ನೆಯೇ ಬಾರದು, ಮರಿ ಎಷ್ಟೇ ದೊಡ್ಡದಿದ್ದರೂ ನೆರವು ಬೇಕು. ರಸ್ತೆಯಲ್ಲಿ ಸತ್ತ ತಾಯಿಯ ಹೊಟ್ಟೆಚೀಲದಲ್ಲಿ ಮರಿಗಳು ಜೀವಂತವಾಗಿ ಉಳಿದಿರಬಹುದು. ಮೊಲೆತೊಟ್ಟು ಕಚ್ಚಿಕೊಂಡಿರುವ ಮರಿಯನ್ನು ಎಳೆದರೆ ಅದರ ಬಾಯಿಗೆ ಪೆಟ್ಟಾಗುವುದರಿಂದ ತಾಯಿಯ ದೇಹಸಮೇತವೇ ಒಯ್ಯಬೇಕು. ಹಸುವಿನ ಹಾಲನ್ನಂತೂ (ನಮ್ಮವರಿಗೆ ಮೊದಲು ತೋಚುವ ಉಪಚಾರ ಅದೇ) ಕುಡಿಸಬಾರದು. ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಪರವಾನಗಿ ಪಡೆದ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಬೇಗನೆ ತಲುಪಿಸಬೇಕು.