ನನ್ನ 3ಡಿ ಪಾತ್ರದ ಕೈ ತಿರುಗಿಸಿದರೆ ಮಣಿಕಟ್ಟು ತೆಳ್ಳಗಾಗುತ್ತದೆ, ಮೊಣಕೈ ಕುಸಿಯುತ್ತದೆ. ಮುಖಕ್ಕೆ ಬೋನ್ (ಪಾತ್ರವನ್ನು ಅಲುಗಿಸುವ ಮೂಳೆ) ಹಾಕಬೇಕಾ, ಶೇಪ್ ಕೀ (ಮೊದಲೇ ತಿದ್ದಿಟ್ಟ ಆಕಾರ) ಮಾಡಬೇಕಾ?

ನಾನು ರಿಗ್ಗಿಂಗ್, ಅಂದರೆ 3ಡಿ ಪಾತ್ರ ಅಲುಗಾಡಲು ಬೇಕಾದ ಅಸ್ಥಿಪಂಜರ ಕಟ್ಟುವ ಕೆಲಸದಲ್ಲಿದ್ದೇನೆ, ಹಾಗಾಗಿ ಈ ಪ್ರಶ್ನೆ ನೋಡಿ ಸುಮ್ನೆ ಹೋಗಲು ಮನಸ್ಸಾಗಲಿಲ್ಲ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ನೀವು ಮಾಡಿದ ಹುಡುಗ ಅಂಗೈ ತಿರುಗಿಸಿದರೆ ಮಣಿಕಟ್ಟು ಸೊರಗುತ್ತದೆ, ಮೊಣಕೈ ಮಡಚಿದರೆ ಒಳಗೆ ಕುಸಿಯುತ್ತದೆ, ಕಣ್ಣು ಮುಚ್ಚಿದರೆ ರೆಪ್ಪೆ ಕಣ್ಣುಗುಡ್ಡೆಯೊಳಗೆ ತೂರುತ್ತದೆ ಅಂತ ಬರೆದಿದ್ದೀರಿ. ಇವು ಬೇರೆ ಬೇರೆ ತೊಂದರೆಗಳಂತೆ ಕಾಣುತ್ತವೆ. ಆದರೆ ಬೇರು ಒಂದೇ. ದೇಹದ ಭಾಗಗಳು ಕೀಲಿನ ಸುತ್ತ ತಿರುಗುತ್ತವೆ. ಸಾಫ್ಟ್‌ವೇರ್ ಮಾತ್ರ ನೇರ ಗೆರೆಯಲ್ಲಿ ಸರಾಸರಿ ತೆಗೆಯುತ್ತದೆ.

ಮಣಿಕಟ್ಟನ್ನೇ ತೆಗೆದುಕೊಳ್ಳಿ. ಮಾಮೂಲಿ ಸ್ಕಿನ್ನಿಂಗ್‌ನಲ್ಲಿ (ಚರ್ಮವನ್ನು ಬೋನ್‌ಗಳಿಗೆ ಅಂಟಿಸುವ ಲೆಕ್ಕ) ಒಂದು ವರ್ಟೆಕ್ಸ್‌ಗೆ (ಮೇಲ್ಮೈಯ ಒಂದು ಬಿಂದು) ಮುಂಗೈ ಬೋನ್ ಅರ್ಧ ವೇಟ್ (ಪ್ರಭಾವದ ಪಾಲು), ಹಸ್ತದ ಬೋನ್ ಅರ್ಧ ವೇಟ್ ಕೊಟ್ಟಿದೆ ಅಂದುಕೊಳ್ಳಿ. ಎರಡೂ ಬೋನ್ ಆ ವರ್ಟೆಕ್ಸನ್ನು ಎಲ್ಲಿಗೆ ಒಯ್ಯುತ್ತವೋ ಆ ಎರಡು ಜಾಗಗಳ ನಡುಬಿಂದುವಿಗೆ ಅದು ಬಂದು ನಿಲ್ಲುತ್ತದೆ. ಹಸ್ತ 90 ಡಿಗ್ರಿ ತಿರುಗಿದರೆ ಆ ನಡುಬಿಂದು ಚರ್ಮದ ಮೇಲಿರುವುದಿಲ್ಲ, ಒಳಗೆ ಸರಿದಿರುತ್ತದೆ. ಲೆಕ್ಕ ಹಾಕಿದರೆ ಅಲ್ಲಿ ಕೈಯ ದಪ್ಪ ಸುಮಾರು 71 ಶೇಕಡಕ್ಕೆ ಇಳಿಯುತ್ತದೆ. 180 ಡಿಗ್ರಿ ತಿರುಗಿಸಿದರೆ ಸೊನ್ನೆ! ಚಾಕೊಲೇಟ್ ಕಾಗದದ ತುದಿ ತಿರುಚಿದ ಹಾಗೆ ಕಾಣುವುದರಿಂದ ನಮ್ಮ ಕಡೆ ಇದನ್ನು ಕ್ಯಾಂಡಿ ರ್‍ಯಾಪರ್ ಅಂತಲೇ ಕರೆಯುತ್ತಾರೆ. ವೇಟ್ ಪೇಂಟ್ (ಆ ಪಾಲುಗಳನ್ನು ಹಂಚುವುದು) ಎಷ್ಟು ನಾಜೂಕಾಗಿ ಮಾಡಿದರೂ ಇದು ಹೋಗುವುದಿಲ್ಲ, ಯಾಕೆಂದರೆ ತಪ್ಪು ವೇಟ್‌ನಲ್ಲಿ ಇಲ್ಲ.

ಈಗ ನಿಮ್ಮ ಸ್ವಂತ ಕೈ ನೋಡಿಕೊಳ್ಳಿ. ಅಂಗೈ ಮೇಲೆ ಕೆಳಗೆ ಮಾಡಿ. ಮಣಿಕಟ್ಟಿನ ಹತ್ತಿರ ಚರ್ಮ ಪೂರ್ತಿ ತಿರುಗುತ್ತದೆ, ಮೊಣಕೈ ಹತ್ತಿರ ಅಲುಗುವುದೇ ಇಲ್ಲ ಅನ್ನಬಹುದು. ಮುಂಗೈಯಲ್ಲಿ ಎರಡು ಮೂಳೆಗಳಿವೆ, ಒಂದು ಇನ್ನೊಂದನ್ನು ಅಡ್ಡ ದಾಟುತ್ತದೆ. ಹಾಗಾಗಿ ತಿರುವು ಇಡೀ ಮುಂಗೈಗೆ ಹಂಚಿಹೋಗುತ್ತದೆ. ನೀವೂ ಹಾಗೇ ಹಂಚಿ. ಮುಂಗೈಯಲ್ಲಿ ಎರಡು ಟ್ವಿಸ್ಟ್ ಬೋನ್ ಸೇರಿಸಿ. ಎರಡನ್ನೂ ಮುಂಗೈ ಬೋನ್‌ಗೇ ಪೇರೆಂಟ್ ಮಾಡಿ (ಅದರ ಜೊತೆಗೇ ಚಲಿಸುವಂತೆ ಜೋಡಿಸಿ), ಒಂದಕ್ಕೊಂದು ಬೇಡ. ಹಸ್ತದ ಬೋನ್‌ನಿಂದ ಕಾಪಿ ರೊಟೇಶನ್ (ತಿರುವನ್ನು ನಕಲು ಮಾಡುವ ನಿಯಮ) ಕೊಡಿ, ಲೋಕಲ್ ಸ್ಪೇಸ್, ವೈ ಆಕ್ಸಿಸ್ (ಬೋನ್‌ನ ಉದ್ದದ ಅಕ್ಷ) ಮಾತ್ರ. ಅದರ ಪ್ರಭಾವ ಮೊಣಕೈ ಕಡೆಯದಕ್ಕೆ 0.33, ಮಣಿಕಟ್ಟಿನ ಕಡೆಯದಕ್ಕೆ 0.67. ಈಗ 90 ಡಿಗ್ರಿ ಮೂವತ್ತು ಮೂವತ್ತರ ಮೂರು ಹಂತವಾಯಿತು. ಪ್ರತಿ ಹಂತದಲ್ಲೂ ದಪ್ಪ 97 ಶೇಕಡದ ಹತ್ತಿರ ಉಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ.

ಚರ್ಮವನ್ನು ಬೋನ್‌ಗಳಿಗೆ ಕಟ್ಟುವ ಆರ್ಮೇಚರ್ ಮಾಡಿಫೈಯರ್‌ನಲ್ಲಿ ಪ್ರಿಸರ್ವ್ ವಾಲ್ಯೂಮ್ ಅಂತ ಒಂದು ಟಿಕ್ ಇದೆ. ಅದರ ಹಿಂದಿರುವುದು ಡ್ಯುಯಲ್ ಕ್ವಾಟರ್ನಿಯನ್ ಸ್ಕಿನ್ನಿಂಗ್, 2007ರಲ್ಲಿ ಲಾಡಿಸ್ಲಾವ್ ಕಾವನ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಅದು ಜಾಗಗಳ ಸರಾಸರಿ ತೆಗೆಯುವ ಬದಲು ತಿರುವನ್ನೇ ಬೆರೆಸುತ್ತದೆ, ಹಾಗಾಗಿ ಕೈ ಸೊರಗುವುದಿಲ್ಲ. ಆದರೆ ಮಡಚುವ ಕಡೆ ಕೀಲು ಹೊರಗೆ ಉಬ್ಬುತ್ತದೆ. ಟಿಕ್ ಹಾಕಿ ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಮೊಣಕೈಗೆ ಬರೋಣ. ಮೊದಲು ಮೆಶ್ (ಬಿಂದು, ಗೆರೆಗಳ ಬಲೆಯಂಥ ಮೇಲ್ಮೈ) ನೋಡಿ. ಮಡಚುವ ಜಾಗದಲ್ಲಿ ಕನಿಷ್ಠ ಮೂರು ಎಡ್ಜ್ ಲೂಪ್ (ಕೈಯನ್ನು ಸುತ್ತುವ ಗೆರೆಗಳ ಉಂಗುರ) ಬೇಕು. ಆಮೇಲೆ ಕೀಲಿನ ಜಾಗ. ಹೆಚ್ಚಿನವರು ಬೋನನ್ನು ಕೈಯ ನಟ್ಟನಡುವೆ ಇಡುತ್ತಾರೆ. ಮೊಣಕೈಯಲ್ಲಿ ಅದನ್ನು ಸ್ವಲ್ಪ ಹಿಂದಕ್ಕೆ, ಗಟ್ಟಿ ಮೂಳೆಯ ಕಡೆಗೆ ಸರಿಸಿ. ಬೆರಳಿನ ಗೆಣ್ಣಿಗೂ ಹಾಗೇ, ಬೆರಳಿನ ಹಿಂಬದಿಯ ಕಡೆಗೆ. ಇಷ್ಟರಲ್ಲೇ ಅರ್ಧ ಕುಸಿತ ಸರಿಹೋಗುತ್ತದೆ. ಉಳಿದದ್ದಕ್ಕೆ ಕರೆಕ್ಟಿವ್ ಶೇಪ್: ಕೈಯನ್ನು 90 ಡಿಗ್ರಿ ಮಡಚಿ, ಆ ಭಂಗಿಯಲ್ಲೇ ಆಕಾರ ತಿದ್ದಿ ಶೇಪ್ ಕೀ ಮಾಡಿ, ಬೋನ್ ಮಡಚಿದಷ್ಟೂ ಅದು ಏರುವಂತೆ ಡ್ರೈವರ್ ಎಂಬ ಕೊಂಡಿ ಹಾಕಿ. ಭಂಗಿಗೆ ತಕ್ಕ ತಿದ್ದುಪಡಿ ಎಂಬ ಈ ಯೋಚನೆಯನ್ನು ಜೆ. ಪಿ. ಲೂಯಿಸ್ ಮತ್ತು ಸಂಗಡಿಗರು 2000ದ ಸಿಗ್ರಾಫ್ ಎಂಬ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದರು. ಇವತ್ತಿಗೂ ಇದಿಲ್ಲದೆ ನಡೆಯುವುದಿಲ್ಲ.

ಭುಜದ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಪ್ರಶ್ನೆ ಅದೇ ಆಗಿರುತ್ತದೆ! ಕೈ ಪೂರ್ತಿ ಮೇಲೆತ್ತಿದಾಗ ಆ 180 ಡಿಗ್ರಿಯಲ್ಲಿ ಸುಮಾರು 120 ಮಾತ್ರ ತೋಳಿನ ಕೀಲಿನದು. ಉಳಿದ 60 ಹೆಗಲ ಹಲಗೆ ತಿರುಗಿ ಬರುವುದು. ತೋಳಿನ ಬೋನ್ ಒಂದನ್ನೇ ಎತ್ತಿದರೆ ಕಂಕುಳು ಹರಿದಂತೆ ಕಾಣುವುದು ಅದಕ್ಕೇ. ಕಾಲರ್ ಬೋನ್ ತಾನಾಗಿಯೇ ಜೊತೆಗೆ ಏಳುವಂತೆ ಕಟ್ಟಿ.

ಮುಖಕ್ಕೆ ಬೋನಾ ಶೇಪಾ? ಎರಡೂ. ಶೇಪ್ ಕೀಯಲ್ಲಿ ಪ್ರತಿ ವರ್ಟೆಕ್ಸ್ ಒಂದು ಜಾಗದಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತದೆ. 1972ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಪಾರ್ಕ್ ಮುಖದ ಒಂದು ಭಾವದಿಂದ ಇನ್ನೊಂದಕ್ಕೆ ಹೋದದ್ದೂ ಹೀಗೆ ನಡುವಿನ ಬಿಂದುಗಳನ್ನು ಲೆಕ್ಕ ಹಾಕಿಯೇ. ತುಟಿ, ಕೆನ್ನೆ, ಹುಬ್ಬಿಗೆ ಅದು ಚೆನ್ನಾಗಿ ಒಪ್ಪುತ್ತದೆ, ಅಲ್ಲಿ ಚರ್ಮ ಸರಿಯುವುದೇ ಸ್ವಲ್ಪ. ಆದರೆ ದವಡೆ ಕಿವಿಯ ಹತ್ತಿರದ ಕೀಲಿನಿಂದ ತಿರುಗುತ್ತದೆ, ರೆಪ್ಪೆ ಗುಡ್ಡೆಯ ಮೇಲೆ ಜಾರುತ್ತದೆ. ಅವಕ್ಕೆ ಬೋನ್ ಹಾಕಿ. ರೆಪ್ಪೆಯ ಬೋನ್ ಕಣ್ಣುಗುಡ್ಡೆಯ ನಡುವಿನಿಂದ ಹೊರಡಲಿ, ತೂರುವುದು ನಿಲ್ಲುತ್ತದೆ.

ಶೇಪ್‌ಗಳನ್ನು ‘ಖುಷಿ’, ‘ಸಿಟ್ಟು’ ಅಂತ ಮಾಡಬೇಡಿ. ಸ್ನಾಯುವಿಗೆ ತಕ್ಕಂತೆ ಬಿಡಿಬಿಡಿಯಾಗಿ ಮಾಡಿ. ಪಾಲ್ ಎಕ್‌ಮನ್ ಮತ್ತು ವಾಲೆಸ್ ಫ್ರೀಸನ್ 1978ರಲ್ಲಿ ಪ್ರಕಟಿಸಿದ ಫ್ಯಾಕ್ಸ್ (FACS) ಪದ್ಧತಿ, ಅಂದರೆ ಮುಖದ ಪ್ರತಿ ಚಲನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿ, ಇದಕ್ಕೆ ಒಳ್ಳೆಯ ಪಟ್ಟಿ. ಅದರಲ್ಲಿ 12 ತುಟಿಯ ಮೂಲೆ ಎಳೆಯುವುದು, 6 ಕೆನ್ನೆ ಏರುವುದು. 12 ಒಂದನ್ನೇ ಹಾಕಿದರೆ ಫೋಟೋಗೆ ಬಲವಂತವಾಗಿ ನಕ್ಕಂತಿರುತ್ತದೆ. ಜೊತೆಗೆ 6 ಸೇರಿಸಿ ನೋಡಿ, ನಗು ಕಣ್ಣಿಗೂ ಬರುತ್ತದೆ. ಎರಡು ಶೇಪ್ ಸೇರಿದಾಗ ತುಟಿ ಜಾಸ್ತಿ ಹಿಗ್ಗಿದರೆ ಆ ಜೋಡಿಗೂ ಒಂದು ಕರೆಕ್ಟಿವ್ ಬೇಕಾಗುತ್ತದೆ. ಬೇಸರದ ಕೆಲಸ, ಆದರೆ ತಪ್ಪಿಸುವ ಹಾಗಿಲ್ಲ.

ಹುಡುಗ ಕನ್ನಡ ಮಾತಾಡುತ್ತಾನೆ ಅಂದಿದ್ದೀರಿ. ಹಾಗಾದರೆ ಇಂಗ್ಲಿಷ್‌ಗೆ ಮಾಡಿದ ಆಟೋ ಲಿಪ್ ಸಿಂಕನ್ನು (ಮಾತಿಗೆ ತಕ್ಕಂತೆ ತುಟಿಯನ್ನು ತಾನಾಗಿ ಅಲುಗಿಸುವುದು) ಹಾಗೇ ಬಿಡಬೇಡಿ. ‘ಅಪ್ಪ’, ‘ಅಮ್ಮ’ದಲ್ಲಿ ತುಟಿ ಒಂಟಿ ಅಕ್ಷರಕ್ಕಿಂತ ಹೆಚ್ಚು ಹೊತ್ತು ಮುಚ್ಚಿರುತ್ತದೆ. ಆ ಕೆಲವು ಫ್ರೇಮ್ ಹಿಡಿದಿಡದಿದ್ದರೆ ಡಬ್ಬಿಂಗ್ ಥರ ಕಾಣುತ್ತದೆ. ಪದದ ಕೊನೆಯ ಉಕಾರಕ್ಕೆ ಮಾತ್ರ ತುಟಿ ಪೂರ್ತಿ ದುಂಡಗೆ ಮಾಡಬೇಡಿ. ಮಾತಾಡುವಾಗ ‘ಅದು’, ‘ಬಂದು’ ಅಂತ ಯಾರೂ ಅಷ್ಟು ಮೂತಿ ಮುಂದೆ ಮಾಡುವುದಿಲ್ಲ, ಅಲ್ವಾ?

ಇದು ಶಾರ್ಟ್ ಫಿಲ್ಮ್‌ಗೋ ಗೇಮ್‌ಗೋ ನೀವು ಬರೆದಿಲ್ಲ. ಗೇಮ್ ಆದರೆ ಪ್ರಿಸರ್ವ್ ವಾಲ್ಯೂಮ್ ಟಿಕ್ ತೆಗೆದು ಪರೀಕ್ಷೆ ಮಾಡಿ. ಗೇಮ್ ಎಂಜಿನ್‌ಗೆ ಒಯ್ಯುವ ಜಿಎಲ್‌ಟಿಎಫ್ (glTF) ಫೈಲ್‌ನಲ್ಲಿ ಸ್ಕಿನ್ನಿಂಗ್ ಅದೇ ಹಳೆಯ ಸರಾಸರಿ ಪದ್ಧತಿ, ನಿಮ್ಮ ಟಿಕ್ ಅಲ್ಲಿಗೆ ದಾಟುವುದಿಲ್ಲ. ಡ್ರೈವರ್‌ಗಳೂ ಹೋಗುವುದಿಲ್ಲ. ಬೇಕ್ ಮಾಡಬೇಕು (ಪ್ರತಿ ಫ್ರೇಮಿನ ಚಲನೆಯನ್ನು ನೇರವಾಗಿ ದಾಖಲಿಸಬೇಕು), ಇಲ್ಲವೇ ಎಂಜಿನ್ ಒಳಗೇ ಮತ್ತೆ ಕಟ್ಟಬೇಕು. ಟ್ವಿಸ್ಟ್ ಬೋನ್‌ಗಳದು ಆ ತಕರಾರಿಲ್ಲ. ಅನಿಮೇಶನ್ ಬೇಕ್ ಮಾಡಿ ಕಳಿಸಿದರೆ ಮಾಮೂಲಿ ಬೋನ್‌ಗಳಂತೆಯೇ ಕೆಲಸ ಮಾಡುತ್ತವೆ.