ನೀರು, ಚಕ್ರ, ಓಟ: ಟ್ರಯಥ್ಲಾನ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನಗೆ 43 ವರ್ಷ. ಪೂಲಲ್ಲಿ ನಿಲ್ಲದೆ 1 ಕಿಲೋಮೀಟರ್ ಈಜ್ತೀನಿ. ಹೋದ ತಿಂಗಳು ಮೊದಲ್ನೇ ಸಲ ಒಂದು ಸಣ್ಣ ಟ್ರಯಥ್ಲಾನ್‌ಗೆ ಹೋದೆ, ಅಂದ್ರೆ ಈಜು, ಸೈಕಲ್, ಓಟ ಒಂದರ ಹಿಂದೊಂದು ಮಾಡೋ ಸ್ಪರ್ಧೆ, ಅದರಲ್ಲಿ ಕೆರೇಲಿ 750 ಮೀಟರ್ ಈಜಬೇಕಿತ್ತು. ನೂರು ಮೀಟರ್ ಕೂಡ ಆಗಿರ್ಲಿಲ್ಲ, ಉಸಿರೇ ಸಿಗ್ದೆ ಎದೆ ಹಿಡ್ಕೊಂಡ ಹಾಗಾಯ್ತು, ಕೈ ಎತ್ತಿದೆ, ದೋಣಿಯವರು ಎತ್ಕೊಂಡು ಬಂದ್ರು. ನಾಚಿಕೆಯಾಗಿ ಮನೇಲೂ ಸರಿಯಾಗಿ ಹೇಳಿಲ್ಲ. ಮತ್ತೆ ಪ್ರಯತ್ನ ಮಾಡ್ಲಾ, ಬಿಟ್ಟುಬಿಡ್ಲಾ?

ಉತ್ತರ: ಸರ್, ನೀವು ಕೈ ಎತ್ತಿದ್ರಲ್ಲ, ಆ ದಿನ ಮಾಡಿದ ಅತ್ಯಂತ ಸರಿಯಾದ ಕೆಲಸ ಅದೇ. ಇನ್ನೊಂದು ಸ್ವಲ್ಪ ನೋಡೋಣ ಅಂತ ಮುಂದೆ ಹೋಗೋರು ಎಷ್ಟೋ ಜನ ಇದ್ದಾರೆ, ಅವರ ಬಗ್ಗೆ ನನಗೆ ಭಯ. ದಯವಿಟ್ಟು ನಾಚಿಕೆ ಪಡಬೇಡಿ, ಇವತ್ತೇ ಮನೇಲಿ ಪೂರ್ತಿ ಹೇಳಿ.

ಮತ್ತೆ ಪ್ರಯತ್ನ ಮಾಡಿ, ಆದ್ರೆ ಮೊದಲು ಡಾಕ್ಟರ್ ಹತ್ರ ಹೋಗಿ ಬನ್ನಿ. ಹೆದರಿಸೋಕೆ ಹೇಳ್ತಿಲ್ಲ. ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಥ್ಲಾನ್‌ಗಳಲ್ಲಿ ಆದ ಸಾವು ಮತ್ತು ಹೃದಯಸ್ತಂಭನದ 135 ಪ್ರಕರಣಗಳನ್ನ ಸಂಶೋಧಕರು ಒಟ್ಟು ಹಾಕಿ ನೋಡಿದಾಗ ಅದ್ರಲ್ಲಿ 90 ಆಗಿದ್ದು ಈಜಿನ ಭಾಗದಲ್ಲಿ, ಹೆಚ್ಚಿನವರು ನಡುವಯಸ್ಸಿನ ಗಂಡಸರು. ಹಾಗಾಗಿ ಎದೆ ಹಿಡ್ಕೊಂಡ ಹಾಗಾಯ್ತು ಅನ್ನೋ ಮಾತನ್ನ ಡಾಕ್ಟರ್ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿ, ಮನೆತನದಲ್ಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲೇ ಹೃದಯದ ತೊಂದ್ರೆ ಇತ್ತಾ ಅದನ್ನೂ ಹೇಳಿ. ನೀರಿಂದ ಬಂದ್ಮೇಲೆ ಕೆಮ್ಮು ನಿಲ್ದೇ ಇದ್ದಿದ್ರೆ, ಕೆಮ್ಮಿದಾಗ ಗುಲಾಬಿ ಬಣ್ಣದ ನೊರೆ ಬಂದಿದ್ರೆ ಅದನ್ನಂತೂ ಬಿಡ್ಲೇಬೇಡಿ, ಜೋರಾಗಿ ಈಜುವಾಗ ಶ್ವಾಸಕೋಶದಲ್ಲಿ ದೇಹದ್ದೇ ನೀರು ಸೇರೋ ಒಂದು ತೊಂದ್ರೆ ಇದೆ, ಅದಕ್ಕೂ ಬರೀ ಗಾಬರಿಗೂ ತುಂಬಾ ವ್ಯತ್ಯಾಸ.

ಅದೆಲ್ಲ ಸರಿ ಇದೆ ಅಂತಾದ್ರೆ ಆಮೇಲಿಂದು ಕಲೀಬಹುದಾದ ವಿಷಯ. ಪೂಲಲ್ಲಿ ಕೆಳಗೆ ಕಪ್ಪು ಗೆರೆ ಕಾಣತ್ತೆ, 25 ಮೀಟರ್‌ಗೆ ಒಂದು ಗೋಡೆ ಸಿಗತ್ತೆ, ನಮಗೇ ಗೊತ್ತಾಗ್ದೆ ಅಲ್ಲಿ ಒಂದು ಸೆಕೆಂಡ್ ಸುಧಾರಿಸ್ಕೋತೀವಿ. ಕೆರೇಲಿ ನಮ್ಮ ಕೈ ನಮಗೇ ಕಾಣಲ್ಲ, ಕಾಲಿಗೆ ನೆಲ ಸಿಗಲ್ಲ, ಪಕ್ಕದವರ ಕಾಲು ಮುಖಕ್ಕೆ ತಾಗತ್ತೆ, ನೀರು ತಣ್ಣಗಿದ್ರೆ ಎದೆಗೆ ತಾಗಿದ ತಕ್ಷಣ ಉಸಿರು ತಾನಾಗೇ ಏರತ್ತೆ, ಇದ್ರ ಮೇಲೆ ಶುರುವಿನ ಉತ್ಸಾಹದಲ್ಲಿ ಎಲ್ರ ಜೊತೆ ಜೋರಾಗಿ ಹೊಡ್ಕೊಂಡು ಹೋಗಿರ್ತೀವಿ. ಆಗ ಎಲ್ರೂ ಮಾಡೋ ತಪ್ಪು ಒಂದೇ, ಉಸಿರು ತಗೋತಾ ಹೋಗ್ತೀವಿ, ಬಿಡೋದನ್ನ ಮರೀತೀವಿ. ಒಳಗಿನ ಗಾಳಿ ಪೂರ್ತಿ ಹೋಗ್ದೆ ಹೊಸ ಗಾಳಿಗೆ ಜಾಗ ಎಲ್ಲಿಂದ ಬರ್ಬೇಕು? ಮುಖ ನೀರಲ್ಲಿರುವಾಗ ಗುಳ್ಳೆ ಬಿಡ್ತಾನೇ ಇರಿ, ಇದೊಂದನ್ನ ಎರಡು ವಾರ ಪೂಲಲ್ಲಿ ಬೇರೇನೂ ಯೋಚ್ನೆ ಮಾಡ್ದೆ ಅಭ್ಯಾಸ ಮಾಡಿ.

ಜೊತೆಗೆ ಗೋಡೆ ಮುಟ್ಟದೆ ನೀರಿನ ಮಧ್ಯದಲ್ಲೇ ತಿರುಗೋದು, ಇಬ್ರು ಮೂವರು ಗೆಳೆಯರನ್ನ ಒಂದೇ ಲೇನಲ್ಲಿ ಅಕ್ಕಪಕ್ಕ ಈಜೋಕೆ ಹೇಳಿ ಮೈ ತಾಗೋದಕ್ಕೆ ಒಗ್ಗಿಕೊಳ್ಳೋದು, ಆರೆಂಟು ಸ್ಟ್ರೋಕ್‌ಗೆ ಒಂದ್ಸಲ ಮೊಸಳೆ ಹಾಗೆ ಕಣ್ಣಷ್ಟೇ ಮೇಲೆತ್ತಿ ದಿಕ್ಕು ನೋಡೋದು, ಇವನ್ನೂ ಕಲೀರಿ. ತಲೆ ಪೂರ್ತಿ ಎತ್ತಿದ್ರೆ ಸೊಂಟ ಮುಳುಗತ್ತೆ, ಅಲ್ಲೇ ಸುಸ್ತಾಗೋದು. ತೆರೆದ ನೀರಿಗೆ ಒಬ್ರೇ ಯಾವತ್ತೂ ಇಳೀಬೇಡಿ, ಎಷ್ಟೇ ಚೆನ್ನಾಗಿ ಈಜು ಬಂದ್ರೂ ಸರಿ. ಈಜು ಬಲ್ಲವರು ಜೊತೆಗಿರ್ಲಿ, ಸೊಂಟಕ್ಕೆ ಕಟ್ಕೊಳ್ಳೋ ಬಣ್ಣದ ತೇಲು ಚೀಲ ಇರ್ಲಿ.

ಸ್ಪರ್ಧೆ ದಿನ ಹತ್ತು ನಿಮಿಷ ಮುಂಚೆ ನೀರಿಗಿಳಿಯೋಕೆ ಬಿಟ್ರೆ ಇಳಿದು ಮುಖ, ಕತ್ತು ಒದ್ದೆ ಮಾಡ್ಕೊಂಡು ಉಸಿರು ಇಳಿಯೋವರೆಗೂ ಕಾಯಿರಿ. ಸೀಟಿ ಊದಿದಾಗ ಹಿಂದಿನ ಸಾಲಲ್ಲಿ, ಅಂಚಲ್ಲಿ ನಿಂತಿರಿ, ಮುಂದಿನವರು ಹೋಗ್ಲಿ ಬಿಡಿ, ಅರ್ಧ ನಿಮಿಷ ಹೋದ್ರೆ ಏನೂ ಆಗಲ್ಲ. ಗಾಬರಿ ಮತ್ತೆ ಬಂದೇ ಬರತ್ತೆ ಅಂತ ಅಂದ್ಕೊಂಡೇ ಹೋಗಿ. ಬಂದಾಗ ಬೆನ್ನ ಮೇಲೆ ತೇಲಿ, ಆಕಾಶ ನೋಡ್ತಾ ಹತ್ತು ಉಸಿರು ನಿಧಾನ ಬಿಡಿ, ಬ್ರೆಸ್ಟ್ ಸ್ಟ್ರೋಕ್‌ಗೆ ಬದಲಾಯ್ಸಿ, ಇದ್ಯಾವುದಕ್ಕೂ ಪೆನಾಲ್ಟಿ ಇಲ್ಲ. ಕಯಾಕ್ ಹಿಡ್ಕೊಂಡು ಸುಧಾರಿಸ್ಕೊಳ್ಳೋಕೂ ಸಾಮಾನ್ಯವಾಗಿ ಅವಕಾಶ ಇರತ್ತೆ, ಅದು ನಿಮ್ಮನ್ನ ಮುಂದಕ್ಕೆ ಎಳ್ಕೊಂಡು ಹೋಗ್ಬಾರ್ದು ಅಷ್ಟೇ. ಇದನ್ನ ಮೊದಲ ಸಲ ಇಳಿಯೋವ್ರಿಗೆ ಯಾಕೆ ಯಾರೂ ದೊಡ್ಡ ದನಿಯಲ್ಲಿ ಹೇಳಲ್ಲ ಅಂತ ನನಗೆ ನಿಜವಾಗ್ಲೂ ಬೇಜಾರಿದೆ.

ಪ್ರಶ್ನೆ: ನನ್ನ ಹತ್ರ ಗೇರ್ ಇರೋ ಮಾಮೂಲಿ ಸೈಕಲ್ ಇದೆ. ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಅದು ಸಾಕಾ, ಇಲ್ಲ ರೋಡ್ ಬೈಕ್, ಅಂದ್ರೆ ರೇಸಿನ ಹಗುರ ಸೈಕಲ್ ತಗೋಬೇಕಾ?

ಉತ್ತರ: ಸಾಕು. ಸ್ಪ್ರಿಂಟ್ ಅಂದ್ರೆ 750 ಮೀಟರ್ ಈಜು, 5 ಕಿಲೋಮೀಟರ್ ಓಟ ಇರೋ ಸಣ್ಣ ಟ್ರಯಥ್ಲಾನ್, ಸೈಕಲ್ 20 ಕಿಲೋಮೀಟರ್ ಅಷ್ಟೇ. ರೋಡ್ ಬೈಕ್‌ನಿಂದ ಕೆಲವು ನಿಮಿಷ ಉಳಿಯತ್ತೆ ನಿಜ, ಆದ್ರೆ ಮೊದಲ ಸ್ಪರ್ಧೆಗೆ ದುಡ್ಡು ಹಾಕೋದಾದ್ರೆ ಒಳ್ಳೆ ಹೆಲ್ಮೆಟ್‌ಗೆ, ಈಜು ಕಲಿಸೋರಿಗೆ ಹಾಕಿ. ಎರಡೂ ಬ್ರೇಕ್ ಸರಿಯಾಗಿ ಹಿಡೀಬೇಕು, ಹ್ಯಾಂಡಲ್ ತುದಿಯ ಮುಚ್ಚಳ ಬಿದ್ದುಹೋಗಿದ್ರೆ ಹಾಕಿಸಿ, ತೆರೆದ ಪೈಪ್ ಇದ್ರೆ ತಪಾಸಣೆಯಲ್ಲೇ ನಿಲ್ಲಿಸ್ತಾರೆ, ಬಿದ್ದಾಗ ಅದು ಹೊಟ್ಟೆಗೆ ಚುಚ್ಚತ್ತೆ. ಸೀಟಿನ ಎತ್ತರ ಸರಿ ಮಾಡ್ಕೊಳ್ಳಿ, ಪೆಡಲ್ ಕೆಳಗಿರುವಾಗ ಮಂಡಿ ಸ್ವಲ್ಪವೇ ಮಡಚಿರ್ಬೇಕು. ಟೈರಿಗೆ ಗಾಳಿ.

ಪ್ರಶ್ನೆ: ಗೆಳೆಯನ ಹಿಂದೇನೇ ಸೈಕಲ್ ಹೊಡ್ಕೊಂಡು ಹೋಗ್ತಿದ್ದೆ, ಮಾರ್ಷಲ್ ಪೆನಾಲ್ಟಿ ಕೊಟ್ರು. ಒಲಿಂಪಿಕ್ಸ್‌ನಲ್ಲಿ ಗುಂಪಾಗೇ ಹೋಗ್ತಾರಲ್ಲ, ನಮಗ್ಯಾಕೆ ಬೇರೆ ನ್ಯಾಯ?

ಉತ್ತರ: ಕೋಪ ಬರೋದು ಸಹಜ, ಆದ್ರೆ ಮಾರ್ಷಲ್ ಸರಿ ಇದ್ದಾರೆ. 2000ದಲ್ಲಿ ಸಿಡ್ನಿಯಲ್ಲಿ ಟ್ರಯಥ್ಲಾನ್ ಒಲಿಂಪಿಕ್ಸ್‌ಗೆ ಸೇರಿದಾಗಿಂದ್ಲೂ ಅಲ್ಲಿ ಒಬ್ರ ಹಿಂದೆ ಒಬ್ರು ಅಂಟಿಕೊಂಡು ಹೋಗೋಕೆ ಅವಕಾಶ ಇದೆ, ಅವರು ವರ್ಷಾನುಗಟ್ಟಲೆ ಗುಂಪಲ್ಲಿ ಓಡಿಸಿ ಪಳಗಿದವರು. ನಮ್ಮಂಥ ಹವ್ಯಾಸಿಗಳ ಸ್ಪರ್ಧೆಗಳಲ್ಲಿ ಹೆಚ್ಚಿನ ಕಡೆ ಹೀಗೆ ಅಂಟಿಕೊಂಡು ಹೋಗೋದು, ಅಂದ್ರೆ ಡ್ರಾಫ್ಟಿಂಗ್, ನಿಷೇಧ. ಮುಂದಿನವರ ಹಿಂದೆ ಇದ್ರೆ ಗಾಳಿಯ ತಡೆ ಕಮ್ಮಿ ಆಗಿ ಶ್ರಮ ಉಳಿಯತ್ತೆ, ಅದು ಒಂದು ಕಾರಣ, ಮುಂದಿನವರು ಸಡನ್ನಾಗಿ ಬ್ರೇಕ್ ಹಾಕಿದ್ರೆ ಇಬ್ರೂ ಬೀಳ್ತಾರೆ, ನನ್ನ ಪ್ರಕಾರ ಅದೇ ದೊಡ್ಡ ಕಾರಣ. ಸಣ್ಣ ದೂರದ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ 10 ಮೀಟರ್ ಅಂತರ, ಅವರ ಮುಂದಿನ ಚಕ್ರದಿಂದ ನಿಮ್ಮ ಮುಂದಿನ ಚಕ್ರಕ್ಕೆ. ಅದರೊಳಗೆ ಹೋದ್ರೆ 20 ಸೆಕೆಂಡಲ್ಲಿ ದಾಟ್ಬೇಕು. ನಿಮ್ಮನ್ನ ಯಾರಾದ್ರೂ ದಾಟಿದ್ರೆ ಹಿಂದೆ ಸರಿಯೋ ಕೆಲಸ ನಿಮ್ದು, ಇದು ಬಹಳ ಜನಕ್ಕೆ ಗೊತ್ತಿರಲ್ಲ.

ಪ್ರಶ್ನೆ: ಸೈಕಲ್ ಇಳಿದು ಓಡೋಕೆ ಶುರು ಮಾಡಿದ್ರೆ ಕಾಲು ನನ್ದೇ ಅಲ್ಲ ಅನ್ಸತ್ತೆ.

ಉತ್ತರ: ಎಲ್ರಿಗೂ ಹಾಗೇ. ಅಷ್ಟು ಹೊತ್ತು ಬಗ್ಗಿ ಕೂತು ಸುತ್ತು ತಿರುಗಿಸ್ತಿದ್ದ ಕಾಲಿಗೆ ಒಮ್ಮೆಲೇ ಮೈಭಾರ ಹೊರು ಅಂದ್ರೆ ಅದಕ್ಕೂ ಸಮಯ ಬೇಕು. ವಾರಕ್ಕೊಂದು ದಿನ ಸೈಕಲ್ ಮುಗಿದ ತಕ್ಷಣ, ಕೂರದೆ, ಹತ್ತು ನಿಮಿಷ ಓಡಿ, ಇದಕ್ಕೇ ಬ್ರಿಕ್ ಅನ್ನೋದು. ಸ್ಪರ್ಧೆಯಲ್ಲಿ ಕೊನೇ ಕಿಲೋಮೀಟರ್ ಹಗುರ ಗೇರಲ್ಲಿ ಕಾಲು ಬೇಗ ಬೇಗ ತಿರುಗಿಸಿ. ಓಟದ ಮೊದಲ ಐದು ನಿಮಿಷ ಸಣ್ಣ ಹೆಜ್ಜೆ.

ಪ್ರಶ್ನೆ: ನಾನು ಕೊನೆಗೆ ಬರ್ತೀನಿ ಅಂತ ನನಗೆ ಗೊತ್ತು. ನಾನು ಮುಗಿಸೋಷ್ಟರಲ್ಲಿ ಎಲ್ಲಾ ಬಿಚ್ಚಿ ಹೊರಟುಹೋಗಿದ್ರೆ ಅನ್ನೋದೇ ಭಯ. (51 ವರ್ಷದ ಮಹಿಳೆ)

ಉತ್ತರ: ಅಕ್ಕ, ಹೆಸರು ಕೊಡೋ ಮುಂಚೆ ಆಯೋಜಕರಿಗೆ ಫೋನ್ ಮಾಡಿ ಕಟ್ ಆಫ್, ಅಂದ್ರೆ ಮುಗಿಸೋಕೆ ಕೊಡೋ ಗರಿಷ್ಠ ಸಮಯ, ಎಷ್ಟು ಅಂತ ಕೇಳಿ, ಒಟ್ಟು ಸಮಯ ಒಂದೇ ಅಲ್ಲ, ಈಜಿಗೆಷ್ಟು, ಸೈಕಲ್‌ಗೆಷ್ಟು ಅಂತ ಬೇರೆ ಬೇರೆ. ಆಮೇಲೆ ಒಂದು ಕಾಗದ ತಗೊಂಡು ಲೆಕ್ಕ ಹಾಕೋಣ. 100 ಮೀಟರ್‌ಗೆ 3 ನಿಮಿಷದ ಹಾಗೆ ಈಜಿದ್ರೆ 750 ಮೀಟರ್‌ಗೆ ಇಪ್ಪತ್ತೆರಡೂವರೆ ನಿಮಿಷ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೈಕಲ್‌ಗೆ 60 ನಿಮಿಷ. ಕಿಲೋಮೀಟರ್‌ಗೆ 8 ನಿಮಿಷದ ಹಾಗೆ, ಅಂದ್ರೆ ಓಟ ನಡಿಗೆ ಸೇರಿಸಿ, 5 ಕಿಲೋಮೀಟರ್‌ಗೆ 40. ಬಟ್ಟೆ ಬೂಟು ಬದಲಾಯ್ಸೋಕೆ ಎರಡೂ ಸಲ ಸೇರಿ 8 ಕೊಡಿ. ಒಟ್ಟು 2 ಗಂಟೆ 10 ನಿಮಿಷದ ಆಸುಪಾಸು. ಅವರು ಹೇಳೋ ಕಟ್ ಆಫ್ ಇದಕ್ಕಿಂತ ಜಾಸ್ತಿ ಇದ್ರೆ ನೀವು ಬರೋವರೆಗೂ ಗಡಿಯಾರ ಓಡ್ತಿರತ್ತೆ, ಅದು ಅವರು ಕೊಟ್ಟ ಮಾತು. ಕಮ್ಮಿ ಇದ್ರೆ 400 ಮೀಟರ್ ಈಜಿರೋ ಸೂಪರ್ ಸ್ಪ್ರಿಂಟ್ ಹುಡುಕಿ. ಇನ್ನೊಂದು, 1974ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಮೊದಲ ಆಧುನಿಕ ಟ್ರಯಥ್ಲಾನ್ ನಡೆದಾಗ ಇದ್ದಿದ್ದೇ 46 ಜನ, ಅದೂ ಒಂದು ಓಟದ ಕ್ಲಬ್‌ನವರು ಮಾಡಿದ್ದು, ವಾರದ ದಿನ ಸಂಜೆ. ಈ ಆಟ ಹುಟ್ಟಿದ್ದೇ ನಮ್ಮಂಥ ಹವ್ಯಾಸಿಗಳ ಮಧ್ಯೆ ಅಕ್ಕ. ನೀವು ಹೋಗ್ಲೇಬೇಕು ಅಂತ ನನ್ನ ಆಸೆ.

ಪ್ರಶ್ನೆ: ನನ್ನ ಹೆಂಡತಿ ಮೊದಲ ಸಲ ಭಾಗವಹಿಸ್ತಿದ್ದಾಳೆ. ಬಟ್ಟೆ ಬದಲಾಯ್ಸೋ ಜಾಗದಲ್ಲಿ ನಾನು ಸೈಕಲ್ ಹಿಡ್ಕೊಂಡು ರೆಡಿ ಇರ್ಬಹುದಾ?

ಉತ್ತರ: ಇಲ್ಲ ಸರ್, ಆ ಜಾಗಕ್ಕೆ ಟ್ರಾನ್ಸಿಷನ್ ಅಂತಾರೆ, ಅದರ ಒಳಗೆ ಸ್ಪರ್ಧಿಗಳಿಗೆ ಮಾತ್ರ ಪ್ರವೇಶ, ಹೊರಗಿನವರು ಸಾಮಾನು ಎತ್ತಿಕೊಟ್ರೆ ಶಿಕ್ಷೆ ಆಗೋದು ನಿಮ್ಮ ಹೆಂಡತಿಗೆ. ಆದ್ರೆ ಹಿಂದಿನ ದಿನ ನೀವು ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಮನೇಲಿ ಒಂದು ಟವೆಲ್ ಹಾಸಿ ಅದ್ರ ಮೇಲೆ ಸಾಮಾನು ಜೋಡಿಸಿ, ಒದ್ದೆ ಮೈಯಲ್ಲೇ ನಾಲ್ಕೈದು ಸಲ ಅಭ್ಯಾಸ ಮಾಡ್ಸಿ. ಕ್ರಮ ಬಾಯಿಪಾಠ ಆಗ್ಬೇಕು, ಹೆಲ್ಮೆಟ್ ಹಾಕಿ ಬಕಲ್ ಬಿಗಿದ ಮೇಲೇನೇ ಸೈಕಲ್‌ಗೆ ಕೈ, ವಾಪಸ್ ಬಂದಾಗ ಸೈಕಲ್ ರ್ಯಾಕ್‌ಗೆ ಹಾಕಿದ ಮೇಲೇನೇ ಬಕಲ್‌ಗೆ ಕೈ. ಸೈಕಲ್ ಹತ್ತೋಕೆ ಅಂತ ಹಾಕಿರೋ ಗೆರೆ ದಾಟಿದ ಮೇಲೇನೇ ಹತ್ತೋದು. ಬೆಳಿಗ್ಗೆ ಖಾಲಿ ಇರುವಾಗ ನೀರಿಂದ ತನ್ನ ಸೈಕಲ್‌ವರೆಗೂ ಎಷ್ಟನೇ ಸಾಲು ಅಂತ ಒಂದ್ಸಲ ನಡೆದು ಎಣಿಸಿಕೊಳ್ಳೋಕೆ ಹೇಳಿ. ಸ್ಪರ್ಧೆ ಶುರುವಾದ್ಮೇಲೆ ನೀವು ಈಜು ಮುಗಿಯೋ ಜಾಗದ ಹತ್ರ ನಿಂತ್ಕೊಳ್ಳಿ, ನೀರಿಂದ ಎದ್ದು ಬರುವಾಗ ತಲೆ ಸುತ್ತಿದ ಹಾಗಿರತ್ತೆ, ಕಿವಿಯಲ್ಲಿ ನೀರಿರತ್ತೆ, ಆಗ ಪರಿಚಯದ ಒಂದು ದನಿ ಹೆಸರು ಹಿಡಿದು ಕೂಗಿದ್ರೆ ಅದು ಕೇಳತ್ತೆ.